ಮಳೆಯೂರಿನ ಕಂಪ್ಯೂಟರಿಗೆ ಕಿವಿಮಾತು



ಹೊಸ ಕಂಪ್ಯೂಟರ್ ಕೊಂಡರೆ ಪೆಟ್ಟಿಗೆಯೊಳಗೆ ಒಂದು ಕೈಪಿಡಿ ಇರುತ್ತದೆ. ಅದನ್ನು ಬರೆದವರು ಮಂಗಳೂರಿನ ಆಟಿ ತಿಂಗಳನ್ನು ಕಂಡವರಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಗೋಡೆ ಮುಟ್ಟಿದರೆ ಬೆರಳು ಒದ್ದೆ, ಕಪಾಟಿನೊಳಗಿನ ಚರ್ಮದ ಚಪ್ಪಲಿಗೆ ವಾರದಲ್ಲಿ ಬೂಸ್ಟು. ಮಳೆ ಹಿಂದೆ ಸರಿಯುವ ಹೊತ್ತಿಗೆ, ತುಲಾ ಸಂಕ್ರಮಣದ ಆಸುಪಾಸಿನ ಸಂಜೆಗಳಲ್ಲಿ, ಘಟ್ಟದ ಕಡೆಯಿಂದ ಸಿಡಿಲು ಇಳಿದು ಬರುತ್ತದೆ. ಮನೆಯಲ್ಲಿ ಹಿರಿಯರಿಬ್ಬರೇ, ಮಕ್ಕಳು ದುಬೈಯಲ್ಲೋ ದೋಹಾದಲ್ಲೋ. ಬರೆಯಬೇಕಾದದ್ದು ಕನ್ನಡ ಲಿಪಿಯಲ್ಲಿ, ಆಡುವ ಭಾಷೆ ತುಳುವೋ ಕೊಂಕಣಿಯೋ ಬ್ಯಾರಿಯೋ. ಇದಾವುದೂ ಆ ಕೈಪಿಡಿಯಲ್ಲಿ ಬರುವುದಿಲ್ಲ.

ಹಾಗಾದರೆ ಈ ತಿಳಿವಳಿಕೆ ಇರುವುದೆಲ್ಲಿ? ಬಳಸುವವರಲ್ಲಿ. ಒಬ್ಬರ ಮೋಡೆಮ್ ಸುಟ್ಟದ್ದು, ಇನ್ನೊಬ್ಬರ ಹಳೆಯ ಕಡತ ತೆರೆಯದೆ ಹೋದದ್ದು, ಮತ್ತೊಬ್ಬರು ಅದಕ್ಕೆ ದಾರಿ ಕಂಡುಕೊಂಡದ್ದು, ಇವೆಲ್ಲ ಒಂದು ಚಾವಡಿಯಲ್ಲಿ ಸೇರಿದಾಗ ಊರಿಗೇ ಒಂದು ಕೈಪಿಡಿಯಾಗುತ್ತದೆ. ಕಂಪ್ಯೂಟರ್ ಬಳಸುವವರು ಹೀಗೆ ಸೇರುವುದು ಇಂದು ನಿನ್ನೆಯದಲ್ಲ. 1975ರ ಮಾರ್ಚ್ 5ರಂದು ಅಮೆರಿಕದ ಮೆನ್ಲೊ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಕಾರು ಶೆಡ್ಡಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಬಳಗ ಮೊದಲ ಸಲ ಸೇರಿತು. ತಾವು ಮಾಡಿದ್ದನ್ನು ತಂದು ತೋರಿಸುವುದು, ಗೊತ್ತಿದ್ದದ್ದನ್ನು ಬಚ್ಚಿಡದೆ ಹೇಳುವುದು, ಇಷ್ಟೇ ಅಲ್ಲಿನ ಪದ್ಧತಿ. ಸ್ಟೀವ್ ವೋಜ್ನಿಯಾಕ್ ತಮ್ಮ ಮೊದಲ ಆ್ಯಪಲ್ ಯಂತ್ರವನ್ನು ತೋರಿಸಿದ್ದು ಆ ಬಳಗಕ್ಕೇ. ನಮ್ಮಲ್ಲಿ ಕೂಟಗಳು ಅಷ್ಟು ಸದ್ದು ಮಾಡಿದವಲ್ಲ. ಆದರೆ ಕಾಲೇಜಿನ ಲ್ಯಾಬಿನಲ್ಲಿ, ಗ್ರಂಥಾಲಯದ ಮೂಲೆಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ನಾಲ್ಕಾರು ಮಂದಿ ಕೂತು ಮಾತಾಡಿದ್ದರಿಂದ ಎಷ್ಟೋ ಯಂತ್ರಗಳು, ಎಷ್ಟೋ ಬರಹಗಳು ಉಳಿದಿವೆ. ಅಂಥ ಮಾತುಕತೆಗಳಲ್ಲಿ ಗಟ್ಟಿಯಾಗಿ ನಿಂತ ಕೆಲವು ಸಂಗತಿಗಳನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಸಿಡಿಲಿನಿಂದಲೇ ಸುರುಮಾಡುತ್ತೇನೆ, ಏಕೆಂದರೆ ನಮ್ಮೂರಲ್ಲಿ ಯಂತ್ರಗಳಿಗೆ ಅದರಷ್ಟು ದೊಡ್ಡ ವೈರಿ ಬೇರೆ ಇಲ್ಲ. “ಸ್ವಿಚ್ ಆಫ್ ಮಾಡಿದ್ದೆ, ಆದರೂ ಸುಟ್ಟಿತು” ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಕಾರಣ ಸರಳ. ಗೋಡೆಯ ಸ್ವಿಚ್ಚಿನೊಳಗೆ ಎರಡು ಲೋಹದ ತುಂಡುಗಳ ನಡುವೆ ಇರುವ ಅಂತರ ಕೆಲವೇ ಮಿಲಿಮೀಟರು. ಆಕಾಶದಿಂದ ಕಿಲೋಮೀಟರುಗಟ್ಟಲೆ ಹಾರಿ ಬಂದ ಮಿಂಚಿಗೆ ಅದು ತಡೆಯೇ ಅಲ್ಲ. ಅಲ್ಲದೆ ಸ್ವಿಚ್ ಕತ್ತರಿಸುವುದು ಫೇಸ್ ತಂತಿಯನ್ನು ಮಾತ್ರ; ನ್ಯೂಟ್ರಲ್ ಮತ್ತು ಅರ್ಥ್ ತಂತಿಗಳು ಯಂತ್ರಕ್ಕೆ ಅಂಟಿಕೊಂಡೇ ಇರುತ್ತವೆ. ಆದ್ದರಿಂದ ಪ್ಲಗ್ಗನ್ನು ಕಿತ್ತೇ ತೆಗೆಯಬೇಕು. ಅದರ ಜೊತೆಗೆ ಇನ್ನೊಂದನ್ನು ಮರೆಯಬಾರದು. ಟೆಲಿಫೋನ್ ತಂತಿ, ಕೇಬಲ್ ಟಿವಿ ತಂತಿ, ಮೋಡೆಮಿನಿಂದ ಕಂಪ್ಯೂಟರಿಗೆ ಬರುವ ನೆಟ್‌ವರ್ಕ್ ತಂತಿ, ಇವೂ ಸಿಡಿಲಿಗೆ ಬಾಗಿಲುಗಳೇ. ಕರೆಂಟಿನ ಪ್ಲಗ್ ಕಿತ್ತು ನೆಟ್‌ವರ್ಕ್ ತಂತಿ ಬಿಟ್ಟರೆ ಅದರ ಮೂಲಕವೇ ಮದರ್‌ಬೋರ್ಡಿಗೆ ಹೊಡೆತ ತಗಲುತ್ತದೆ. ಈಗ ಮನೆಮನೆಗೆ ಫೈಬರ್ ಬಂದಿದೆ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಇಷ್ಟು ಗೊತ್ತಾದ ಮೇಲೆ ಜನ ನಿಶ್ಚಿಂತರಾಗಿಬಿಡುತ್ತಾರೆ. ಆದರೆ ಆ ಫೈಬರ್ ಪೆಟ್ಟಿಗೆಗೂ ಕರೆಂಟಿನ ಅಡಾಪ್ಟರ್ ಇದೆಯಲ್ಲ, ಅದರಿಂದ ಕಂಪ್ಯೂಟರಿಗೆ ತಾಮ್ರದ ತಂತಿಯೂ ಇದೆಯಲ್ಲ! ಅದನ್ನೂ ಕೀಳಬೇಕು.

ಕೀಳುವುದು ಯಾವಾಗ ಎಂಬುದೂ ಅಷ್ಟೇ ಮುಖ್ಯ. ದೂರದಲ್ಲಿ ಗುಡುಗಿನ ಮೊದಲ ಸದ್ದು ಕೇಳಿದಾಗಲೇ ಎದ್ದು ಕೀಳಿ. ಸಿಡಿಲು ತಲೆಯ ಮೇಲೆ ಬಂದಾದ ಮೇಲೆ ಪ್ಲಗ್ಗಿನ ಹತ್ತಿರ ಕೈ ಒಯ್ಯಲೇಬೇಡಿ. ಯಂತ್ರ ಹೋದರೆ ಇನ್ನೊಂದು ಬರುತ್ತದೆ.

ಇನ್ನು ಅರ್ಥಿಂಗ್. ಇದರ ಬಗ್ಗೆ ನಮ್ಮ ಊರಿಗೇ ವಿಶೇಷವಾದ ಒಂದು ಮಾತಿದೆ. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಅದು ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. ಒದ್ದೆ ಮಣ್ಣಿನಲ್ಲಿ ವಿದ್ಯುತ್ ಸಲೀಸಾಗಿ ನೆಲಕ್ಕಿಳಿಯುತ್ತದೆ. ಮಾರ್ಚ್, ಏಪ್ರಿಲ್ ಬಂತೆಂದರೆ ಅದೇ ನೆಲ ಒಣಗಿ ಗಡುಸಾಗುತ್ತದೆ, ಅರ್ಥಿಂಗಿನ ಬಲ ಕುಂದುತ್ತದೆ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲು ಬರುವುದು ಸರಿಯಾಗಿ ಆ ಹೊತ್ತಿಗೇ! ಅಂದರೆ ರಕ್ಷಣೆ ಅತ್ಯಂತ ದುರ್ಬಲವಾಗಿರುವ ತಿಂಗಳಲ್ಲಿ ಹೊಡೆತ ಬೀಳುತ್ತದೆ. ಆದ್ದರಿಂದ ಬೇಸಗೆಯಲ್ಲಿ ತೆಂಗಿನ ಮರಕ್ಕೆ ನೀರು ಬಿಡುವಾಗ ಅರ್ಥ್ ಗುಂಡಿಗೂ ಎರಡು ಕೊಡ ನೀರು ಬೀಳಲಿ. ವರ್ಷಕ್ಕೊಮ್ಮೆ ತಿಳಿದ ಎಲೆಕ್ಟ್ರಿಶಿಯನ್ನರನ್ನು ಕರೆದು ಅಳತೆ ಮಾಡಿಸಿ. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವಲ್ಲ, ಅದಕ್ಕೆ ಒಂದು ತಿಂಗಳು ಮೊದಲೇ ಈ ಕೆಲಸ ಆಗಿರಬೇಕು.

ಅರ್ಥಿಂಗ್ ಇದೆಯೋ ಇಲ್ಲವೋ ಎಂದು ಕಂಪ್ಯೂಟರೇ ಹೇಳುತ್ತದೆ. ಸಿಪಿಯು ಪೆಟ್ಟಿಗೆಯ ಲೋಹದ ಭಾಗಕ್ಕೆ ಬರಿಗಾಲಿನಲ್ಲಿ ನಿಂತವರ ಕೈ ತಾಗಿದಾಗ ಜುಮ್ಮೆನ್ನುತ್ತದೆಯೇ? ಒಳಗಿನ ಪವರ್ ಸಪ್ಲೈಯಲ್ಲಿ ವಿದ್ಯುತ್ತಿನ ಗದ್ದಲವನ್ನು ಸೋಸಲು ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಸೋಸಿದ್ದನ್ನು ಅರ್ಥ್ ತಂತಿಗೆ ಬಿಡುತ್ತವೆ. ಆ ತಂತಿ ಎಲ್ಲಿಗೂ ಸೇರಿಲ್ಲವೆಂದರೆ ಆ ವಿದ್ಯುತ್ ಪೆಟ್ಟಿಗೆಯ ಮೈಮೇಲೆಯೇ ನಿಲ್ಲುತ್ತದೆ. “ಕಂಪ್ಯೂಟರ್ ಅಂದರೆ ಸ್ವಲ್ಪ ಹೊಡೆಯುತ್ತದೆ, ಅಭ್ಯಾಸವಾಗಿದೆ” ಎಂದು ಸುಮ್ಮನಿರುವ ಮನೆಗಳಿವೆ. ದಯವಿಟ್ಟು ಸುಮ್ಮನಿರಬೇಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸುವ ಉಪಾಯಗಳನ್ನೂ ಬಿಟ್ಟುಬಿಡಿ.

ತೇವದ ಮಾತು ಬೇರೆ. ಸಿಡಿಲು ಒಂದೇ ಹೊಡೆತಕ್ಕೆ ಮುಗಿಸುತ್ತದೆ, ತೇವ ತಿಂಗಳುಗಟ್ಟಲೆ ಮೆಲ್ಲನೆ ತಿನ್ನುತ್ತದೆ. ಪಣಂಬೂರು, ಉಳ್ಳಾಲ, ಸುರತ್ಕಲ್ಲಿನಂಥ ಕಡಲ ದಂಡೆಯವರಿಗೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಜೋಪಾನ ಮಾಡುತ್ತೇವೆಂದು ಬಟ್ಟೆ ಹೊದಿಸಿ, ಮಳೆಗಾಲವಿಡೀ ಕಂಪ್ಯೂಟರನ್ನು ಮುಟ್ಟದೆ ಇಡುವುದು ಅದಕ್ಕೆ ಮಾಡುವ ಕೇಡು. ಓಡುವ ಯಂತ್ರ ತನ್ನ ಬಿಸಿಯಿಂದಲೇ ತನ್ನೊಳಗಿನ ತೇವವನ್ನು ಓಡಿಸುತ್ತದೆ. ಕೆಲಸವಿರಲಿ ಇಲ್ಲದಿರಲಿ, ಜೂನಿನಿಂದ ಸೆಪ್ಟೆಂಬರ್ ತನಕ ದಿನಕ್ಕೊಂದು ಗಂಟೆ ಅದು ಓಡಲಿ. ಲ್ಯಾಪ್‌ಟಾಪನ್ನು ಬ್ಯಾಗಿನೊಳಗೆ ಮುಚ್ಚಿ ಕಪಾಟಿನಲ್ಲಿ ಇಡುವುದು ಬೇಡ. ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಬಣ್ಣ ಬದಲಾಗುವ ಸಿಲಿಕಾ ಜೆಲ್ ಸಿಗುತ್ತದೆ. ಬಣ್ಣ ತಿರುಗಿತೆಂದರೆ ಅದು ತೇವ ಕುಡಿದು ತುಂಬಿದೆ ಎಂದರ್ಥ, ಬಿಸಿಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಅದನ್ನು ಕಾಯಿಸಬೇಡಿ.

ಏಸಿ ಕೋಣೆಯಿಂದ ಹೊರಬಂದಾಗ ಕನ್ನಡಕ ಮಂಜಾಗುತ್ತದೆಯಲ್ಲ, ಆ ಹೊತ್ತಿಗೆ ಲ್ಯಾಪ್‌ಟಾಪಿನ ಒಳಗೂ ಅದೇ ನಡೆಯುತ್ತಿರುತ್ತದೆ. ತಣ್ಣಗಿನ ಲೋಹದ ಮೇಲೆ ಹೊರಗಿನ ಹಬೆ ನೀರಾಗಿ ಕೂರುತ್ತದೆ. ಆಫೀಸಿನಿಂದ ಮನೆಗೆ ಬಂದ ಕೂಡಲೇ ಅದನ್ನು ಚಾಲೂ ಮಾಡದೆ ಅರ್ಧ ಗಂಟೆ ಬಿಡುವುದು ಒಳ್ಳೆಯದು. ಮಳೆಯಲ್ಲಿ ನೆನೆದ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿಯನ್ನೂ ಬಿಡಬೇಕು. ಅಕ್ಕಿಯ ಹುಡಿ ಚಾರ್ಜಿಂಗ್ ತೂತಿನೊಳಗೆ ಕೂತು ಹೊಸ ತೊಂದರೆ ತರುತ್ತದೆ. ಆಫ್ ಮಾಡಿ, ಒರೆಸಿ, ಫ್ಯಾನಿನ ಗಾಳಿಗೆ ಇಡಿ, ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ಇನ್ನು, ಸಿಪಿಯು ಪೆಟ್ಟಿಗೆ ನೆಲದ ಮೇಲಿದ್ದರೆ ಒಂದು ಮಣೆಯ ಮೇಲಾದರೂ ಎತ್ತಿಡಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆಗಳು ಮೋಡೆಮಿನೊಳಗೆ ಮೊಟ್ಟೆಯಿಡುವುದು ಇಲ್ಲಿ ಮಾಮೂಲು. ಹತ್ತಿರದಲ್ಲಿ ತಿಂಡಿ ತಿನ್ನದಿರುವುದೇ ಅದಕ್ಕೆ ಮದ್ದು.

ಯುಪಿಎಸ್ ಬಗ್ಗೆ ಎರಡೇ ಮಾತು. ಅದು ಕರೆಂಟು ಹೋದ ಮೇಲೆ ಕೆಲಸ ಮುಂದುವರಿಸಲು ಇರುವುದಲ್ಲ, ಕೆಲಸವನ್ನು ಉಳಿಸಿ ಸರಿಯಾಗಿ ಮುಚ್ಚಲು ಇರುವುದು. ಅದಕ್ಕೆ ಲೇಸರ್ ಪ್ರಿಂಟರ್ ಜೋಡಿಸಬೇಡಿ. ಒಳಗಿನ ರೋಲರ್ ಕಾಯಿಸಲು ಪ್ರಿಂಟರ್ ಒಮ್ಮೆಲೇ ಎಳೆಯುವ ವಿದ್ಯುತ್ ಮನೆಯ ಯುಪಿಎಸ್ಸಿಗೆ ಭಾರ.

ಈಗ ಅಕ್ಷರದ ವಿಷಯಕ್ಕೆ ಬರುತ್ತೇನೆ. ಇದು ನನಗೆ ಅತ್ಯಂತ ಪ್ರಿಯವಾದದ್ದು, ಮಂಗಳೂರಿಗೆ ಹಳೆಯ ನಂಟಿನದು. ಬಾಸೆಲ್ ಮಿಷನ್ ಇಲ್ಲಿ ಮುದ್ರಣ ಸುರುಮಾಡಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು, ಅದು ಕನ್ನಡದ ಮೊದಲ ಪತ್ರಿಕೆ. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಊರಲ್ಲಿ. ಕಂಪ್ಯೂಟರಿನ ಕಾಲ ಬಂದಾಗಲೂ ಈ ಸೀಮೆಯವರೇ ಮುಂದೆ ನಿಂತರು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡ ಬರೆಯಲು ಒಂದು ಕೀಲಿಮಣೆ ವಿನ್ಯಾಸ ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಈ ನಾಡಿನ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಸುಳ್ಯದ ಕಡೆಯ ಉಬರಡ್ಕ ಮೂಲದ ಡಾ. ಯು. ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಎಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ತೆರೆದರು.

ರಾಯರ ವಿನ್ಯಾಸದ ಸೊಗಸು ನೋಡಿ. ಇಂಗ್ಲಿಷಿನ 26 ಕೀಲಿಗಳಿಗೇ ಕನ್ನಡದ ಇಡೀ ವರ್ಣಮಾಲೆ ಕೂರುತ್ತದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ವ್ಯಂಜನದ ಮುಂದೆ ಸ್ವರದ ಕೀಲಿ ಒತ್ತಿದರೆ ತಾನಾಗಿ ಗುಣಿತಾಕ್ಷರ. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಕೀಲಿ. ‘ಅಕ್ಕ’ ಬರೆಯಲು ಎ, ಕೆ, ಎಫ್, ಕೆ, ಅಷ್ಟೇ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸುವವರ ಬೆರಳುಗಳು ಓಡುವುದು ಈ ದಾರಿಯಲ್ಲೇ. ಕಲಿಯುವವರಿಗೆ ನಾನು ಹೇಳುವುದು ಇದನ್ನೇ: ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವ ಸುಲಭದ ದಾರಿಗೆ ಬೀಳುವ ಮುಂಚೆ ಒಂದು ವಾರ ಈ ವಿನ್ಯಾಸಕ್ಕೆ ಕೊಡಿ. ಎಫ್ ಕೀಲಿಯ ಗುಟ್ಟು ಬೆರಳಿಗೆ ಸಿಕ್ಕಿತೆಂದರೆ, ಕನ್ನಡದ ಅಕ್ಷರ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದೇ ಕಣ್ಣಿಗೆ ಕಾಣುತ್ತದೆ. ಕಾಲೇಜಿನ ಲ್ಯಾಬುಗಳಲ್ಲಿ ಹೊಸ ತಂತ್ರಾಂಶ ಹಾಕಲು ಅನುಮತಿ ಇರುವುದಿಲ್ಲ. ಅಲ್ಲಿಗೊಂದು ಉಪಾಯವಿದೆ. ವಿಕಿಪೀಡಿಯ ಪುಟದಲ್ಲೇ ಕನ್ನಡ ಕೀಲಿಮಣೆಗಳು ಅಡಕವಾಗಿವೆ. ಬರೆಯುವ ಚೌಕದಲ್ಲಿ ಕಂಟ್ರೋಲ್ ಮತ್ತು ಎಮ್ ಒತ್ತಿ ಅದಲು ಬದಲು ಮಾಡಿಕೊಳ್ಳಬಹುದು.

ವಿಕಿಪೀಡಿಯದ ಮಾತು ಬಂದದ್ದರಿಂದ ಹೇಳಲೇಬೇಕು. ಬಳಸುವವರೇ ಬಳಸುವವರಿಗೆ ಕಲಿಸುವುದು ಮಂಗಳೂರಿನಲ್ಲಿ ಇವತ್ತು ಅತ್ಯಂತ ಜೀವಂತವಾಗಿರುವುದು ಅದರ ಸುತ್ತಲೇ. ಕರಾವಳಿ ವಿಕಿಮೀಡಿಯನ್ಸ್ ಎಂಬ ಬಳಗದವರು ಕಾಲೇಜುಗಳಿಗೆ ಹೋಗಿ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂತು ಕಲಿಸಿದ್ದಾರೆ. ತುಳು ವಿಕಿಪೀಡಿಯ ವರ್ಷಗಟ್ಟಲೆ ಪರೀಕ್ಷೆಯ ಹಂತದಲ್ಲೇ ಇದ್ದು, 2016ರ ಆಗಸ್ಟಿನಲ್ಲಿ ಹೊರಬಂತು. ಅದು ಬೆಳೆದದ್ದು ಕನ್ನಡ ಲಿಪಿಯಲ್ಲಿ. ಇಲ್ಲಿನ ಕೊಂಕಣಿಗರು, ಬ್ಯಾರಿ ಬಾಂಧವರು ಬರೆಯುವುದೂ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ. ಅಂದರೆ ಒಬ್ಬರಿಗೆ ಕನ್ನಡ ಟೈಪಿಂಗ್ ಕಲಿಸಿದರೆ ಈ ಊರಿನ ನಾಲ್ಕು ಭಾಷೆಗಳಿಗೆ ಒಟ್ಟಿಗೆ ಬರೆಹಗಾರರು ಸಿಗುತ್ತಾರೆ. ತುಳುವಿನ ಪ್ರಾಚೀನ ಲಿಪಿಗೂ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಎಂಬ ಹೆಸರಲ್ಲಿ ಜಾಗ ಸಿಕ್ಕಿದೆ.

ಕನ್ನಡ ಬರೆಯುವವರನ್ನು ಕಾಡುವ ಒಂದು ಸಣ್ಣ ತೊಡಕು ಇದೆ. ‘ಸಾಫ್ಟ್‌ವೇರ್’ ಎಂದು ಬರೆಯಲು ಹೋದರೆ ಟ ಕಾರಕ್ಕೆ ವ ಒತ್ತಾಗಿ ಕೂತು ಪದ ಓದಲಾಗದಂತಾಗುತ್ತದೆ. ಅರ್ಧಾಕ್ಷರದ ಬಳಿಕ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಬಲ್ಲವರು ಅದನ್ನು ಝಡ್‌ಡಬ್ಲ್ಯುಎನ್‌ಜೆ ಎನ್ನುತ್ತಾರೆ. ಅದು ಎರಡು ಅಕ್ಷರಗಳು ಅಂಟದಂತೆ ನಡುವೆ ನಿಲ್ಲುತ್ತದೆ. ಹಾಗೆಯೇ ‘ರ‍್ಯಾಂಕ್’ ಎಂದು ಬರೆಯುವಾಗ ರ ಅರ್ಕಾವೊತ್ತಾಗದೆ ಮುಂದೆಯೇ ನಿಲ್ಲಬೇಕಾದರೆ ಅದರ ಸೋದರ ಚಿಹ್ನೆ ಝಡ್‌ಡಬ್ಲ್ಯುಜೆ ಬೇಕು. ನಿಮ್ಮ ಕೀಲಿಮಣೆಯಲ್ಲಿ ಈ ಎರಡು ಎಲ್ಲಿವೆ ಎಂದು ಹುಡುಕಿ ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಬದಿಗೆ ಅಂಟಿಸಿ. ಹುಡುಕಿ ಸಿಗದಿದ್ದರೆ ಸರಿಯಾಗಿ ಬರೆದ ಒಂದು ಪದವನ್ನು ಕಡತದಲ್ಲಿಟ್ಟುಕೊಂಡು ನಕಲು ಮಾಡಿದರೂ ನಡೆಯುತ್ತದೆ.

ಕೈ ನಡುಗುವ ಹಿರಿಯರಿಗೆ, ಕಣ್ಣು ಮಂಜಾದವರಿಗೆ ಮಾತಿನಿಂದಲೇ ಬರೆಯುವ ಸೌಕರ್ಯ ದೊಡ್ಡ ವರ. 2017ರಿಂದ ಗೂಗಲಿನ ಧ್ವನಿ ಟೈಪಿಂಗ್ ಕನ್ನಡಕ್ಕೂ ಇದೆ. ನಿಧಾನವಾಗಿ, ವಾಕ್ಯ ವಾಕ್ಯವಾಗಿ ಹೇಳಿದರೆ ಮೊಬೈಲ್ ಬರೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಕನ್ನಡ ಪುಸ್ತಕದ ಭಾಷೆಗೆ ಹತ್ತಿರವಾದ್ದರಿಂದ ಇಲ್ಲಿಯವರ ಮಾತನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಅಜ್ಜಿಯ ತುಳು ಪಾಡ್ದನವಲ್ಲದಿದ್ದರೂ ಅಜ್ಜಿಯ ಅಡುಗೆ, ಮನೆಮದ್ದು, ಹಳೆಯ ನೆರೆಯ ವರ್ಷದ ಕಥೆ ಹೀಗೆ ಬರಹವಾಗಬಹುದು. ದಯವಿಟ್ಟು ಮಾಡಿ.

ಕಲಿಸುವ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ತೋರಿಸಿಕೊಡುವವರು ಮೌಸ್ ಮುಟ್ಟಬಾರದು. ತಿಳಿದವರು “ಸ್ವಲ್ಪ ಸರಿಯಿರಿ” ಎಂದು ಮೌಸ್ ಕಿತ್ತುಕೊಂಡು, ಟಕಟಕ ನಾಲ್ಕು ಕಡೆ ಒತ್ತಿ, “ಆಯಿತು ನೋಡಿ” ಎಂದು ಎದ್ದು ಹೋಗುತ್ತಾರೆ. ಸಮಸ್ಯೆ ಹೋಗುತ್ತದೆ, ಕಲಿಯಬೇಕಾದವರು ಇದ್ದಲ್ಲೇ ಉಳಿಯುತ್ತಾರೆ, ಮುಂದಿನ ಸಲ ಕೇಳಲು ಸಂಕೋಚವನ್ನೂ ಬೆಳೆಸಿಕೊಳ್ಳುತ್ತಾರೆ. ಈಜು ಕಲಿಸುವವನು ತಾನೇ ಹೊಳೆ ದಾಟಿ ತೋರಿಸಿದರೆ ದಡದಲ್ಲಿರುವ ಹುಡುಗನಿಗೆ ಈಜು ಬರುವುದಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿಯಲ್ಲಿ ಹೇಳಿ. ಅವರು ತಪ್ಪು ಜಾಗ ಒತ್ತಲಿ, ವಾಪಸು ಬರಲಿ. ಕಂಟ್ರೋಲ್ ಝಡ್ ಒತ್ತಿದರೆ ಮಾಡಿದ್ದು ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಮೊದಲ ಪಾಠವಾಗಿ ಕಲಿಸಿ. ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ಹೀಗೆ ಕಲಿತು ತಮ್ಮ ತಂದೆಯ ಕೈಬರಹದ ದಿನಚರಿಯನ್ನು ಪೂರ್ತಿ ಟೈಪ್ ಮಾಡಿದ್ದನ್ನು ನಾನು ಕಂಡಿದ್ದೇನೆ. ಯಾರೂ ಅವರ ಮೌಸ್ ಕಿತ್ತುಕೊಳ್ಳಲಿಲ್ಲ, ಅದೊಂದೇ ವಿಶೇಷ.

ಕೇಳುವವರಿಗೂ ಒಂದು ಕ್ರಮವಿದೆ. “ಕಂಪ್ಯೂಟರ್ ಹಾಳಾಗಿದೆ” ಎಂದರೆ ವೈದ್ಯರಿಗೂ ಮದ್ದು ಹೇಳಲಾಗದು. ಪರದೆಯಲ್ಲಿ ಬಂದ ಸೂಚನೆಯ ಫೋಟೊ ತೆಗೆಯಿರಿ. ಅದು ಬರುವ ಮೊದಲು ಏನು ಮಾಡಿದ್ದಿರಿ, ಹೊಸದಾಗಿ ಏನಾದರೂ ಹಾಕಿದ್ದಿರೇ ಎಂದು ನೆನಪಿಸಿಕೊಳ್ಳಿ. ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿರಿ. ಆಮೇಲೆ ಕೇಳಿ.

ಪರವೂರಿನಲ್ಲಿ ಮಕ್ಕಳಿರುವ ಹಿರಿಯರೇ, ಈ ಮುಂದಿನದನ್ನು ವಿಶೇಷವಾಗಿ ಗಮನಿಸಿ. ಯುಪಿಐಯಲ್ಲಿ ಹಣ ಕೊಡುವಾಗ ಪಿನ್ ಒತ್ತಬೇಕಾಗುತ್ತದೆ. ಹಣ ಬರುವುದಕ್ಕೆ ಪಿನ್ ಬೇಡವೇ ಬೇಡ. “ನಿಮಗೆ ಹಣ ಬರಬೇಕು, ಪಿನ್ ಹಾಕಿ” ಎಂದವನು ಕಳ್ಳ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎನ್ನುವವರು ಬಂದರೆ ತಿಳಿದುಕೊಳ್ಳಿ, ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಕರೆ ಕತ್ತರಿಸಿ. ಮದುವೆ ಕಾಗದವೆಂದೋ ವಾಹನದ ದಂಡದ ಚೀಟಿಯೆಂದೋ ವಾಟ್ಸ್ಆ್ಯಪಿನಲ್ಲಿ ಬರುವ ಕಡತದ ಹೆಸರಿನ ಕೊನೆಗೆ ಎಪಿಕೆ ಎಂಬ ಮೂರಕ್ಷರ ಇದ್ದರೆ ಮುಟ್ಟಬೇಡಿ. ಮದುವೆಯ ಕಾಗದ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ಮಗನ ದನಿಯಲ್ಲೇ “ಆಸ್ಪತ್ರೆಯಲ್ಲಿದ್ದೇನೆ, ದುಡ್ಡು ಕಳಿಸಿ” ಎಂಬ ಕರೆ ಬಂದರೂ ನಂಬುವ ಮೊದಲು ಅವನ ಹಳೆಯ ನಂಬರಿಗೆ ನೀವೇ ಕರೆ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಹಳೆಯ ಮನೆಯ ನಾಯಿಯ ಹೆಸರಾದರೂ ಸಾಕು. ಹಣ ಹೋಯಿತೆಂದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ. ನಾಚಿಕೆಪಟ್ಟು ರಾತ್ರಿ ಕಳೆಯಬೇಡಿ, ಮೊದಲ ಗಂಟೆಗಳಲ್ಲಿ ಹೇಳಿದರೆ ಹಣ ಕೈ ದಾಟುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು.

ಇನ್ನು ಉಳಿಸಿಕೊಳ್ಳುವ ವಿಷಯ. ಮದುವೆಯ ವಿಡಿಯೊ, ಬಯಲಾಟದ ಧ್ವನಿಮುದ್ರಣ, ಜಾಗದ ಪಹಣಿ, ಮಕ್ಕಳ ಬಾಲ್ಯದ ಫೋಟೊ, ಎಲ್ಲ ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟವರಿದ್ದಾರೆ. ಪೆನ್‌ಡ್ರೈವ್ ಒಯ್ಯಲು ಇರುವುದು, ಇಡಲು ಅಲ್ಲ. ಬಲ್ಲವರು ಮೂರು-ಎರಡು-ಒಂದು ಎಂಬ ಲೆಕ್ಕ ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಹೊರಗೆ ಎಂದರೆ ಅಂತರಜಾಲದ ಖಾತೆಯೂ ಆಗಬಹುದು, ಬೆಂಗಳೂರಿನ ಮಗಳ ಮನೆಯ ಕಪಾಟೂ ಆಗಬಹುದು. ನೀರು ನುಗ್ಗುವ ತಗ್ಗಿನ ಮನೆಗಳಿರುವ ಊರಲ್ಲಿ ಆ ಮೂರನೆಯದೇ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ನಂಬಿಕೆ. ಗೂಗಲಿನಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗ ಅಂಚೆ, ಕಡತ, ಫೋಟೊ ಎಲ್ಲಕ್ಕೂ ಸೇರಿದ್ದು. ಎರಡು ವರ್ಷ ತೆರೆಯದ ಖಾತೆಯನ್ನು ಅವರು ಅಳಿಸಿಹಾಕಬಹುದು. ತೀರಿಕೊಂಡ ಅಪ್ಪನ ಖಾತೆಯಲ್ಲಿ ಫೋಟೊಗಳಿದ್ದರೆ ಈಗಲೇ ಇಳಿಸಿಕೊಳ್ಳಿ. ಸಿಡಿ, ಡಿವಿಡಿಗಳಿಗೂ ನಮ್ಮ ತೇವದಲ್ಲಿ ಬೂಸ್ಟು ಹಿಡಿಯುತ್ತದೆ, ಅವನ್ನು ಹಾರ್ಡ್ ಡಿಸ್ಕಿಗೆ ದಾಟಿಸಲು ತಡಮಾಡಬೇಡಿ. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ಕೂಡಲೇ ಆಫ್ ಮಾಡಿ, ಮತ್ತೆ ಮತ್ತೆ ಪ್ರಯತ್ನಿಸಿದಷ್ಟೂ ಒಳಗಿನ ತಟ್ಟೆ ಗೀರಿಹೋಗುತ್ತದೆ. ಕಡತಗಳಿಗೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಿರಿ. ಅವು ತಾವಾಗಿ ಸಾಲಾಗಿ ನಿಲ್ಲುತ್ತವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಿಗೆ ವಿಂಡೋಸ್ 11 ಕೂರುವುದಿಲ್ಲ. ಅವನ್ನು ಗುಜರಿಗೆ ಹಾಕುವ ಮೊದಲು ಒಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟಿನಂಥ ಉಚಿತ ವ್ಯವಸ್ಥೆ ಸ್ಥಾಪಿಸಿ ನೋಡಿ. ಅದರಲ್ಲಿ ಕನ್ನಡಕ್ಕೆ ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ, ಕೀಲಿಮಣೆ ಮೊದಲೇ ಇದೆ. ಬರೆಯಲು, ಓದಲು, ಮೊಮ್ಮಕ್ಕಳೊಡನೆ ಮಾತಾಡಲು ಅದು ಧಾರಾಳ ಸಾಕು.

ಕೊನೆಯದಾಗಿ, ತುರ್ತಿನ ಒಂದು ಕೆಲಸ. ನಮ್ಮ ಜಿಲ್ಲೆಯಲ್ಲಿ ದೇವಸ್ಥಾನದ ಬ್ರಹ್ಮಕಲಶ, ಶಾಲೆಯ ಶತಮಾನೋತ್ಸವ, ಯುವಕ ಮಂಡಲದ ಬೆಳ್ಳಿಹಬ್ಬ ಎಂದರೆ ಸ್ಮರಣ ಸಂಚಿಕೆ ಬಂದೇ ಬರುತ್ತದೆ. ಊರಿನ ಚರಿತ್ರೆ, ಮನೆತನಗಳ ವಿವರ, ಎಲ್ಲೂ ಸಿಗದ ಲೇಖನಗಳು ಅದರಲ್ಲಿ ಇರುತ್ತವೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದ್ದರೂ, ಈ ಸಂಚಿಕೆಗಳಲ್ಲಿ ಹೆಚ್ಚಿನವು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಡಿಟಿಪಿ ಆದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಹಾಳಾಗಿದೆ ಎಂದು ಅಳಿಸಬೇಡಿ. ಅದರೊಳಗೆ ಕನ್ನಡ ಭದ್ರವಾಗಿಯೇ ಇದೆ. ಸರಿಯಾದ ಫಾಂಟ್ ಆರಿಸಿದರೆ ಓದಬಹುದು, ಯುನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳೂ ಇವೆ.

ನಿಮ್ಮ ಊರಿನ ಡಿಟಿಪಿ ಕೇಂದ್ರ ಮುಚ್ಚುತ್ತಿದೆಯೆಂದು ಕೇಳಿದರೆ ಆ ಹಳೆಯ ಯಂತ್ರ ಗುಜರಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ. ಸಂಚಿಕೆಯ ಕಡತಗಳ ಜೊತೆಗೆ ಯಾವ ಫಾಂಟ್ ಬಳಸಿದ್ದರು ಎಂಬುದನ್ನೂ ಬರೆದುಕೊಳ್ಳಿ. ಪೇಜ್‌ಮೇಕರಿನಲ್ಲಿ ಮಾಡಿದ ಕಡತವಾದರೆ ಈಗಿನ ಇನ್‌ಡಿಸೈನ್ ಅದನ್ನು ತೆರೆಯುವುದಿಲ್ಲ; ಸಿಎಸ್6 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳು ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ತೆರೆಯುತ್ತವೆ. ಅಂಥ ಹಳೆಯ ಆವೃತ್ತಿ ಇನ್ನೂ ಯಾವ ಮುದ್ರಣಾಲಯದಲ್ಲಿ ಓಡುತ್ತಿದೆ ಎಂದು ವಿಚಾರಿಸಿ, ಅಲ್ಲಿಯೇ ಪಠ್ಯವನ್ನು ಹೊರತೆಗೆಸಿ. ಪರಿವರ್ತಿಸಿದ ಮೇಲೆ ಅಚ್ಚಾದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರು ಕೂತು ಓದಿ, ಒಬ್ಬರು ಗಟ್ಟಿಯಾಗಿ, ಇನ್ನೊಬ್ಬರು ಪರದೆ ನೋಡುತ್ತ. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಬಳಿಕ ಇರುತ್ತದೆ, ಯುನಿಕೋಡಿನಲ್ಲಿ ಅದು ಉಚ್ಚಾರದಂತೆ ಮೊದಲು ಬರುತ್ತದೆ. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲಿ. ಧರ್ಮ, ಕಾರ್ಯ, ಸೂರ್ಯ, ವರ್ಷ ಎಂಬ ಪದಗಳು ಬಂದಲ್ಲೆಲ್ಲ ಒಂದು ಕ್ಷಣ ನಿಂತು ನೋಡಿ. ಊರಿನವರ ಹೆಸರುಗಳಲ್ಲಿ ಎರಡು ಸಲ ನೋಡಿ.